ಗಿಡ್ಡ ಕೋಳಿಗಳ ಸೆಕೆಯೂ ನನ್ನ ವಿಜ್ಞಾನವೂ

ಬೇಸಿಗೆ ಬಂತೆಂದರೆ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ನಾನು ಹಿತ್ತಿಲಿಗೆ ಹೋಗುತ್ತೇನೆ. ಕೋಳಿಗೂಡಿನ ಬಾಗಿಲು ತೆರೆದು, ಒಳಗೆ ಹಾಸಿದ ಭತ್ತದ ಹೊಟ್ಟಿನ ಮೇಲೆ ಅಂಗೈ ಊರಿ, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಸಂಧ್ಯಾವಂದನೆಯನ್ನಾದರೂ ಒಮ್ಮೊಮ್ಮೆ ಬಿಟ್ಟೇನು, ಇದನ್ನು ಬಿಡುವುದಿಲ್ಲ. ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದ ಬ್ಯಾಂಕಿನವರೊಬ್ಬರು ಮೊನ್ನೆ ಇದನ್ನು ಕಂಡು ಬೇಲಿಯಾಚೆ ನಿಂತರು.

"ಮೊಟ್ಟೆ ಹುಡುಕ್ತಿದ್ದೀರಾ ಸರ್?"

"ಇಲ್ಲ, ಜ್ವರ ನೋಡ್ತಿದ್ದೇನೆ."

"ಕೋಳಿಗಾ?"

"ಅಲ್ಲ, ಗೂಡಿಗೆ."

ಅವರು ಗಡಿಯಾರ ನೋಡಿಕೊಂಡು ಹೊರಟರು. ನಿವೃತ್ತ ಮಾಸ್ತರರ ವಿಷಯದಲ್ಲಿ ಜನರಿಗೆ ಒಂದು ಬಗೆಯ ಸಹನೆ ಇರುತ್ತದೆ. ಮಾತು ಬೆಳೆಸಿದರೆ ಗಂಟೆ ಹೊಡೆಯುವವರೆಗೂ ಬಿಡಲಾರರೆಂಬ ಭಯವೂ ಇರುತ್ತದೆ. ಆದರೆ ನೀವು ಓದುತ್ತ ಕುಳಿತವರು, ಬೇಕಾದಾಗ ಎದ್ದು ಹೋಗಬಹುದು. ಹಾಗಾಗಿ ಈ ಜ್ವರ ನೋಡುವ ಚಟ ಹೇಗೆ ಅಂಟಿಕೊಂಡಿತೆಂದು ನಿಮಗೆ ಧೈರ್ಯವಾಗಿ ಹೇಳುತ್ತೇನೆ.

ಮೊದಲು ಒಂದು ವಿಚಾರ ತಿಳಿಸಬೇಕು. ನಾನು ಹವ್ಯಕ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವನು. ನಮ್ಮ ಕೇರಿಯಲ್ಲಿ ಆಕಳು, ಎಮ್ಮೆ, ನಾಯಿ, ಬೆಕ್ಕು, ಒಮ್ಮೊಮ್ಮೆ ಮಂಗ, ಎಲ್ಲವೂ ಇದ್ದವು. ಕೋಳಿ ಮಾತ್ರ ಇರಲಿಲ್ಲ. ಹಳ್ಳದಾಚೆಯ ಕೇರಿಯ ಹುಂಜ ಕೂಗಿದಾಗ ನಮ್ಮ ಅಪ್ಪಯ್ಯ ಏಳುತ್ತಿದ್ದ. ಅಂದರೆ ಇಡೀ ಕೇರಿ ಎದ್ದೇಳುತ್ತಿದ್ದದ್ದು ಬೇರೆಯವರ ಕೋಳಿಯಿಂದ. ಹತ್ತು ವರ್ಷದವನಾಗುವವರೆಗೆ ನಾನು ಆ ಹುಂಜವನ್ನು ಕಣ್ಣಿಂದ ಕಂಡಿರಲಿಲ್ಲ. ಕೂಗಿನ ಗಾತ್ರ ಕೇಳಿ ಅದು ಕರುವಿನಷ್ಟಾದರೂ ದೊಡ್ಡದಿರಬೇಕು ಎಂದುಕೊಂಡಿದ್ದೆ. ಒಮ್ಮೆ ಅಲ್ಲಿಯ ಹೇಂಟೆಯೊಂದು ದಾರಿ ತಪ್ಪಿ ನಮ್ಮ ಅಂಗಳಕ್ಕೆ ಬಂತು. ಅಜ್ಜಿ ಅದನ್ನು ಓಡಿಸಿ, ಅದು ಹೆಜ್ಜೆಯಿಟ್ಟಲ್ಲೆಲ್ಲ ಸಗಣಿ ನೀರು ಚಿಮುಕಿಸಿದಳು. ಅಜ್ಜಿಗೆ ಬೆನ್ನು ನೋವಿತ್ತು, ಹೇಂಟೆಗೆ ಹುರುಪಿತ್ತು. ಹೀಗಾಗಿ ಅಂಗಳ ಪೂರ್ತಿ ಸಾರಿಸಿದಂತಾಯಿತು.

ಇಂಥ ವಂಶದ ಕುಡಿಯ ಹಿತ್ತಿಲಿಗೆ ಕೋಳಿ ತಂದವಳು ನನ್ನ ಹೆಂಡತಿ ಸರೋಜ. ಅವಳದು ಯಲ್ಲಾಪುರದ ತವರು. ಅಲ್ಲಿಯೂ ಕೋಳಿಯ ಸಂಪ್ರದಾಯವೇನೂ ಇರಲಿಲ್ಲ, ಆದರೆ ಅವಳಿಗೆ ಹಟದ ಸಂಪ್ರದಾಯವಿತ್ತು. ನಾನು ನಿವೃತ್ತನಾದ ಮೇಲೆ ಸಿದ್ದಾಪುರ ಪೇಟೆಯ ಅಂಚಿನಲ್ಲಿ, ನಿಲ್ಕುಂದದ ರಸ್ತೆಗೆ ಹತ್ತಿರವಾಗಿ, ಒಂದು ಸಣ್ಣ ಮನೆ ಕಟ್ಟಿಸಿದೆವು. ಎರಡು ತೆಂಗು, ಒಂದು ಹಲಸು, ಒಂದಿಷ್ಟು ಬಸಳೆ. ಅಷ್ಟರಲ್ಲಿ ಅವಳ ಮೊಣಕಾಲು ಕೈಕೊಟ್ಟವು. ಬಸಳೆಗೆ ನೀರು ಹಾಕಲಿಕ್ಕೂ ಆಗದೆ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ಎರಡೂವರೆ ವರ್ಷದ ಕೆಳಗೆ ಒಂದು ಚಳಿಗಾಲದಲ್ಲಿ ಶಿರಸಿಯಿಂದ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅವಳನ್ನು ನೋಡಿ, "ಅಮ್ಮ, ನಿಮಗೆ ಕೂತಲ್ಲೇ ನೋಡಲಿಕ್ಕೆ ಒಂದು ಚೆಂದದ್ದು ತಂದುಕೊಡ್ತೆ" ಎಂದ. ನಾನು ಟಿವಿ ಇರಬಹುದೆಂದು ಸುಮ್ಮನಿದ್ದೆ. ಮರುವಾರ ಅವನು ತಂದದ್ದು ಒಂದು ಹುಂಜ, ಮೂರು ಹೇಂಟೆ.

ಬ್ಯಾಂಟಮ್ ಎಂದು ಅವನು ಹೆಸರು ಹೇಳಿದ. ನಮ್ಮ ಕಡೆಯವರು ಗಿಡ್ಡ ಕೋಳಿ ಎನ್ನುತ್ತಾರೆ. ಊರ ಕೋಳಿಯ ಅರ್ಧದಷ್ಟೂ ಇರುವುದಿಲ್ಲ, ಬೊಗಸೆಯಲ್ಲಿ ಹಿಡಿಯಬಹುದು. ಇವುಗಳ ಪಾದಕ್ಕೂ ಗರಿ, ಪೈಜಾಮ ಹಾಕಿಕೊಂಡ ಹಾಗೆ. ಹುಂಜ ಎದೆ ಮುಂದೆ ಮಾಡಿ, ಒಂದೊಂದೇ ಹೆಜ್ಜೆ ತೂಗಿ ಇಡುತ್ತ, ಬಸಳೆ ಚಪ್ಪರದ ಕೆಳಗೆ ತಪ್ಪು ಹುಡುಕುತ್ತ ನಡೆಯಿತು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಶಾಲೆ ತಪಾಸಣೆಗೆ ಬಂದವರೆಲ್ಲ ನೆನಪಾದರು. ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟೆ. ಹೇಂಟೆಗಳಿಗೆ ಸರೋಜ ಹೆಸರಿಟ್ಟಳು: ಬಿಳಿಯದು ಬೆಳ್ಳಿ, ಕಪ್ಪಿನದು ಕಪ್ಪಿ, ಎಲ್ಲಕ್ಕಿಂತ ಸಣ್ಣದಾದ ಕೆಂಪು ಹೇಂಟೆ ಗುಂಜಿ.

ನಾನು ಷರತ್ತು ಹಾಕಿದೆ. ಕೋಳಿ ಮನೆಯೊಳಗೆ ಬರಕೂಡದು, ನಾನು ಮುಟ್ಟುವುದಿಲ್ಲ, ಅವುಗಳ ಚಾಕರಿ ನನ್ನದಲ್ಲ. ಬೇಲಿಯಾಚೆ ಗದ್ದೆ ಮಾಡಿಕೊಂಡಿರುವ ಮಾದೇವಕ್ಕ ಹುಟ್ಟಿದಾರಭ್ಯ ಕೋಳಿ ಸಾಕಿದವಳು. ಗೂಡು ಚೊಕ್ಕ ಮಾಡುವುದನ್ನು ಅವಳು ಒಪ್ಪಿಕೊಂಡಳು. ಪ್ರತಿಯಾಗಿ ಮೊಟ್ಟೆ ಅವಳಿಗೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರಿಲ್ಲ. ನಾನು ಕಾಲೇಜಿನ ದಿನಗಳಲ್ಲಿ ಶಿರಸಿ ಪೇಟೆಯಲ್ಲಿ ಒಮ್ಮೆ ಆಮ್ಲೆಟ್ ತಿಂದು, ಮೇಲೆ ಅರ್ಧ ಹಿಡಿ ಏಲಕ್ಕಿ ಜಗಿದು ಮನೆಗೆ ಹೋಗಿ, ಬಾಯಲ್ಲಿ ಅಷ್ಟು ಏಲಕ್ಕಿ ಏಕೆಂಬ ಪ್ರಶ್ನೆಗೇ ಸಿಕ್ಕಿಬಿದ್ದವನು. ಆ ಕಥೆ ಇಲ್ಲಿಗೆ ಬೇಡ.

ಕಳೆದ ವರ್ಷ ಏಪ್ರಿಲ್ ಕೊನೆಗೆ ಸರೋಜಳ ಮೊಣಕಾಲಿನ ಆಪರೇಷನ್ ಹುಬ್ಬಳ್ಳಿಯಲ್ಲಿ ಎಂದು ನಿಶ್ಚಯವಾಯಿತು. ಅಲ್ಲಿ ಅವಳ ತಂಗಿಯ ಮನೆಯಿದೆ. ಆಪರೇಷನ್ ಆದ ಮೇಲೆ ಮೂರು ವಾರ ಅಲ್ಲೇ ಇದ್ದು ವ್ಯಾಯಾಮ ಮಾಡಿಸಿಕೊಂಡು ಬರುವುದೆಂದು ಮಾತಾಯಿತು. ನಾನು ಆಪರೇಷನ್ನಿನ ನಾಲ್ಕು ದಿನ ಜೊತೆಗಿದ್ದು ಮರಳುವುದು, ಮನೆ ಮತ್ತು ಕೋಳಿ ನೋಡಿಕೊಳ್ಳುವುದು. ಆ ನಾಲ್ಕು ದಿನ ಮಾದೇವಕ್ಕ ನೋಡಿಕೊಂಡಳು. ನಾನು ಹುಬ್ಬಳ್ಳಿಯಿಂದ ಹೊರಡುವ ಹಿಂದಿನ ದಿನವೇ ಗುಂಜಿ ಏಳು ಮೊಟ್ಟೆಯ ಮೇಲೆ ಕಾವಿಗೆ ಕೂತ ಸುದ್ದಿ ಮಾದೇವಕ್ಕನ ಫೋನಿನಲ್ಲಿ ಬಂತು. ಸರೋಜ ಆಸ್ಪತ್ರೆಯ ಮಂಚದ ಮೇಲೇ ಬೆರಳು ಮಡಚಿ ಲೆಕ್ಕ ಹಾಕಿದಳು. (ನಮ್ಮ ಮನೆಮಾತಿನಲ್ಲಿ ಆನು ಎಂದರೆ ನಾನು, ಎಂಗೆ ಎಂದರೆ ನನಗೆ.)

"ಅದೂ ಇಪ್ಪತ್ತೊಂದು ದಿನ ಕೂತ್ಕಂಬದು, ಆನೂ ಮೂರು ವಾರ. ಎಂಗೆ ಅದೇ ಒಂದು ಜೊತೆ ಹೇಳಿ ತಿಳ್ಕತ್ತೆ. ಆನು ಬಪ್ಪಷ್ಟೊತ್ತಿಗೆ ಅದು ಮರಿ ಮಾಡಿರ್ತು, ಆನು ನಡೀತಿರ್ತೆ."

ಹೀಗೆ ಹೇಳುವಾಗ ನೋವಿಗೆ ಅವಳ ತುಟಿ ಬಿಳುಚಿಕೊಂಡಿತ್ತು. ಆ ಹೊತ್ತಿಗೆ ಅವಳು ಆನೆ ಸಾಕಿ ಎಂದಿದ್ದರೂ ನಾನು ಒಪ್ಪುತ್ತಿದ್ದೆ.

"ನೋಡಿ, ನೀರು ಎರಡು ಹೊತ್ತೂ ಬದಲ್ಸಿ" ಎಂದಳು. "ಕಾಳು ಬೆಳಗ್ಗೆ ಬೇಗ ಹಾಕಿ, ಮತ್ತೆ ಸಂಜೆಗೆ. ನಡು ಮಧ್ಯಾಹ್ನ ಹಾಕಡಿ, ತಿಂದ್ರೆ ಮೈ ಬಿಸಿ ಆಗ್ತು. ಹೊಟ್ಟು ತೆಳ್ಳಗೆ ಹಾಸಿ. ಗೂಡಿಗೆ ಎಂತೂ ಮುಚ್ಚಡಿ."

"ಎಂತಕ್ಕೆ ಮುಚ್ಚಲಾಗ?" ಎಂದೆ.

ಅವಳು ಗೋಡೆಯ ಕಡೆ ಮುಖ ಮಾಡಿದಳು. "ಸುಮ್ನೆ. ಆನು ಹೇಳ್ದಾಂಗೆ ಮಾಡಿ. ಹೊಸತು ಎಂತೂ ಮಾಡಡಿ."

ಮುಚ್ಚಬೇಡಿ, ಹೊಸತೇನೂ ಮಾಡಬೇಡಿ ಎಂದು ಕಾರಣ ಹೇಳದೆ ಕೊಟ್ಟ ಸೂಚನೆಯನ್ನು ನನ್ನಂಥ ವಿಜ್ಞಾನದ ಮಾಸ್ತರು ಹೇಗೆ ಗೌರವಿಸುತ್ತಾನೆಂದು ನೀವು ಊಹಿಸಬಹುದು.

ಮೇ ತಿಂಗಳ ನಮ್ಮ ಕಡೆಯ ಸೆಕೆ ಅನುಭವಿಸಿದವರಿಗೇ ಗೊತ್ತು. ಬಯಲುಸೀಮೆಯವರದು ಬಿಸಿಲು, ಕೊಡೆ ಹಿಡಿದರೆ, ನೆರಳಿಗೆ ನಿಂತರೆ ಪಾರಾಗಬಹುದು. ನಮ್ಮದು ಸೆಕೆ, ಅದು ನೆರಳಿನಲ್ಲಿಯೂ ಬಂದು ಪಕ್ಕದಲ್ಲೇ ಕೂರುತ್ತದೆ. ಒಂದು ಎಲೆ ಅಲುಗುವುದಿಲ್ಲ. ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು. ಒರೆಸಿಕೊಂಡದ್ದು ನೀರೋ ಬೆವರೋ ಎಂಬುದು ತೀರ್ಮಾನವಾಗುವುದಿಲ್ಲ. ಊರಿಗೆ ಬಂದ ಎರಡನೇ ದಿನ ನೋಡುತ್ತೇನೆ, ಬೆಳ್ಳಿಯೂ ಕಪ್ಪಿಯೂ ಕೊಕ್ಕು ತೆರೆದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ಏದುಸಿರು ಬಿಡುತ್ತಿವೆ. ಇನ್ಸ್‌ಪೆಕ್ಟರ್ ಕೂಡ ಪದವಿ ಮರೆತು ಹಲಸಿನ ಬುಡದಲ್ಲಿ ಮಣ್ಣು ಕೆದರಿ ಹೊಟ್ಟೆ ಊರಿದ್ದ.

ನನಗೆ ಕನಿಕರವಾಯಿತು. ಕನಿಕರದ ಜೊತೆಗೆ, ಸುಳ್ಳು ಹೇಳಬಾರದು, ಸ್ವಲ್ಪ ಉತ್ಸಾಹವೂ ಆಯಿತು. ನಿವೃತ್ತನಾದ ಮೇಲೆ ಯಾರೂ ನನಗೆ ಒಂದು ಸಮಸ್ಯೆಯನ್ನು ಕೊಟ್ಟಿರಲಿಲ್ಲ.

ಮೊದಲು ಮಜ್ಜಿಗೆ ಪ್ರಯೋಗವಾಯಿತು. ನಮ್ಮಲ್ಲಿ ಸೆಕೆಗೆ ಮದ್ದೆಂದರೆ ಮಜ್ಜಿಗೆ. ನೀರು ಮಜ್ಜಿಗೆ ಮಾಡಿ, ಕೈ ಅಭ್ಯಾಸದಂತೆ ಇಂಗಿನ ಒಗ್ಗರಣೆಯನ್ನೂ ಕೊಟ್ಟು ಇಟ್ಟೆ. ಇನ್ಸ್‌ಪೆಕ್ಟರ್ ಒಮ್ಮೆ ಕೊಕ್ಕು ಅದ್ದಿ, ತಲೆ ಕೊಡವಿ, ನನ್ನನ್ನು ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದ. ಉಳಿದದ್ದನ್ನು ನಾನೇ ಕುಡಿದೆ.

ಆಮೇಲೆ ಬಯಲುಸೀಮೆಯಲ್ಲಿ ಕಳೆದ ನನ್ನ ನವಲಗುಂದದ ದಿನಗಳು ನೆನಪಾದವು. ನೌಕರಿಯ ಮೊದಲ ಆರು ವರ್ಷ ನಾನು ಅಲ್ಲಿದ್ದೆ. ಅಲ್ಲಿಯ ಬೇಸಿಗೆಗೆ ಹೆದರಿ ಊರಿಗೆ ಓಡಿಬರಲು ಹೊರಟಿದ್ದ ನನ್ನನ್ನು ಮನೆಯ ಮಾಲೀಕರು ತಡೆದಿದ್ದರು. "ಸರ, ಕಿಡಕಿಗೆ ಗೋಣಿತಟ್ಟ ಕಟ್ರಿ, ಅದಕ್ಕ ನೀರ ಹೊಡೀರಿ. ಆಮ್ಯಾಲ ನೋಡ್ರಿ ಹೆಂಗ ತಣ್ಣಗ ಆಗತೈತಿ" ಎಂದಿದ್ದರು. ನಿಜವಾಗಿಯೂ ತಣ್ಣಗಾಗಿತ್ತು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ ಎಂದು ಮುಂದೆ ಸಾವಿರಾರು ಮಕ್ಕಳಿಗೆ ಇದೇ ಉದಾಹರಣೆ ಕೊಟ್ಟು ಕಲಿಸಿದ್ದೇನೆ. ಸರಿ, ಅಟ್ಟದಿಂದ ಗೋಣಿಚೀಲ ಇಳಿಸಿದೆ. ಗೂಡಿನ ಮೂರು ಬದಿಗೆ ತಂತಿಬಲೆ ಇತ್ತು, ಮೂರಕ್ಕೂ ಮೇಲಿಂದ ಕೆಳಗಿನವರೆಗೆ ಗೋಣಿ ಕಟ್ಟಿ, ಗಂಟೆಗೊಮ್ಮೆ ನೀರು ಹೊಡೆದೆ. ಇದು ಮುಚ್ಚುವುದಲ್ಲ, ತಂಪು ಮಾಡುವುದು ಎಂದು ಸರೋಜಳ ಮಾತಿಗೆ ಮನಸ್ಸಿನಲ್ಲೇ ಒಂದು ಟಿಪ್ಪಣಿ ಬರೆದುಕೊಂಡೆ.

ಅಷ್ಟರಲ್ಲಿ ಹೊಟ್ಟು ಮುಗಿಯಿತು. ಅಕ್ಕಿ ಗಿರಣಿಗೆ ಹೋಗಿ ಚೀಲ ಹೊರುವುದು ಯಾರು? ಬೇಲಿಯ ಬದಿಯ ಮರದ ಹಸಿ ಟೊಂಗೆಗಳನ್ನು ಹಿಂದಿನ ದಿನವಷ್ಟೇ ಕಡಿಸಿದ್ದೆ. ಸೊಪ್ಪಿನ ರಾಶಿ ಅಲ್ಲೇ ಬಿದ್ದಿತ್ತು. ಅದನ್ನು ಕಂಡದ್ದೇ ನನ್ನೊಳಗಿನ ತಲೆತಲಾಂತರದ ಕೃಷಿಕ ಎಚ್ಚರಗೊಂಡ. ನಮ್ಮ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಸಿ ಸೊಪ್ಪಲ್ಲದೆ ಬೇರೇನು ಹಾಸುತ್ತಿದ್ದರು? ದಿನವೂ ಬೆಟ್ಟದಿಂದ ಸೊಪ್ಪಿನ ಹೊರೆ ಬರುವುದು, ನಿನ್ನೆಯದರ ಮೇಲೆ ಇವತ್ತಿನದು ಹಾಸುವುದು. ಮೆತ್ತಗೆ, ಹಸುರಾಗಿ, ನೋಡಿದರೇ ತಂಪು. ಗೂಡಿಗೂ ಹಾಗೆಯೇ ಹಾಸಿದೆ. ಅಂಚು ಸರಿಮಾಡಿ, ಕಡ್ಡಿ ಆರಿಸಿ, ಮದುವೆಮನೆಯ ಜಮಖಾನದಂತೆ ಹಾಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟೆ. ಪ್ರತಿದಿನ ಅದರ ಮೇಲೆ ಹೊಸ ಪದರ. ಗೋಣಿಗೆ ಹೊಡೆದ ನೀರು ಸೊಪ್ಪಿಗೂ ಇಳಿಯುತ್ತಿತ್ತು. ಅದೂ ಒಳ್ಳೆಯದೇ ಎಂದುಕೊಂಡೆ. ಆ ವಾರ ಮಾದೇವಕ್ಕ ತಂಗಿಯ ಊರಿಗೆ, ಗುಡ್ನಾಪುರದ ಕಡೆ, ಹೋಗಿದ್ದಳು. ತಡೆಯುವವರು ಯಾರೂ ಇರಲಿಲ್ಲ.

ದಿನವೂ ಸಂಜೆ ಸರೋಜ ಫೋನು ಮಾಡುತ್ತಿದ್ದಳು. ತನ್ನ ಕಾಲಿನ ಮಾತು ಎರಡು ವಾಕ್ಯ, ಆಮೇಲೆಲ್ಲ ಗುಂಜಿ.

"ಗುಂಜಿ ಎದ್ದು ತಿಂತಾ?"

"ತಿಂತು, ತಿಂತು. ಎಲ್ಲ ಭಾರೀ ಆರಾಮಾಗಿದ್ದು."

"ಇವತ್ತು ವ್ಯಾಯಾಮ ಮಾಡ್ಸವ ಕಾಲು ಮಡಚ್ಸಿದ. ಕಣ್ಣಲ್ಲಿ ನೀರೇ ಬಂತು. ಗುಂಜಿಗೆ ಒಂಬತ್ತು ದಿನ ಆತಲ್ದಾ ಹೇಳಿ ಗ್ರಹಿಸ್ಕಂಡು ಸುಮ್ಮನಾದೆ."

ಫೋನಿಟ್ಟ ಮೇಲೆ ನಾನು ಗೂಡಿನ ಹತ್ತಿರ ಹೋಗಿ, ಮೂಲೆಯ ಬುಟ್ಟಿಯಲ್ಲಿ ಚಪ್ಪಟೆಯಾಗಿ ಕೂತ ಆ ಅಂಗೈಯಗಲದ ಜೀವವನ್ನು ನೋಡಿ, "ನಿನ್ನ ಮೇಲೆ ಒಬ್ಬರ ಮೊಣಕಾಲು ನಿಂತಿದೆ ಮಾರಾಯ್ತಿ" ಎಂದು ಹೇಳಿ ಬರುತ್ತಿದ್ದೆ.

ಗುಂಜಿ ಕಾವಿಗೆ ಕೂತ ಹದಿಮೂರನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಗೋಣಿಗೆ ನೀರು ಹೊಡೆಯಲು ಹೋದೆ. ಬೆಳ್ಳಿ ಬಾಗಿಲ ಬಳಿ ಮಗ್ಗುಲಾಗಿ ಬಿದ್ದಿತ್ತು. ಕರೆದರೆ ಕಣ್ಣು ತೆರೆಯಲಿಲ್ಲ. ನಾನು ಮುಟ್ಟುವುದಿಲ್ಲ ಎಂದವನು. ಆದರೆ ಎತ್ತಿಕೊಳ್ಳದೆ ಏನು ಮಾಡಲಿ? ಎರಡೂ ಕೈಯಲ್ಲಿ ಎತ್ತಿದೆ. ಮೊಟ್ಟಮೊದಲ ಬಾರಿಗೆ ಒಂದು ಕೋಳಿಯನ್ನು ಮುಟ್ಟಿದ್ದೆ. ಇಷ್ಟು ಹಗುರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೈ ಕಾದಿತ್ತು, ಕತ್ತು ನನ್ನ ಮಣಿಕಟ್ಟಿನ ಮೇಲೆ ಜೋಲಿತು. ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲಿಟ್ಟು, ಕೊಕ್ಕಿಗೆ ಬೆರಳಿನಿಂದ ನೀರು ಬಿಟ್ಟೆ. ಎರಡು ಹನಿ ಕುಡಿಯಿತೋ ಇಲ್ಲವೋ, ಒಮ್ಮೆ ಕಾಲು ಚಾಚಿ ಸುಮ್ಮನಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಅತ್ತೆ.

ಒಳಗೆ ಗುಂಜಿ ಬುಟ್ಟಿಯಲ್ಲಿ ಕೊಕ್ಕು ತೆರೆದು ತೂಗಾಡುತ್ತಿತ್ತು. ಮೊಟ್ಟೆ ಬಿಟ್ಟು ಏಳಲೂ ಒಲ್ಲದು, ಕೂರಲೂ ಆಗದು. ಗುಡ್ನಾಪುರದಿಂದ ಹಿಂದಿನ ಸಂಜೆಯಷ್ಟೇ ಮರಳಿದ್ದ ಮಾದೇವಕ್ಕನನ್ನು ಬೇಲಿಯ ಬಳಿ ನಿಂತು ಕೂಗಿದೆ. ನನ್ನ ದನಿ ಹೇಗಿತ್ತೋ, ಅವಳು ಸುತ್ತು ಬಳಸದೆ ಬೇಲಿಯ ಸಂದಿನಿಂದಲೇ ನುಗ್ಗಿ ಬಂದಳು.

"ಎಂತ ಮಾಡಿಟ್ಟೀರಿ ಮಾಸ್ತರ್ರೆ ಇದು? ಬಾಣಂತಿ ಕೋಣೆ ಹಾಂಗೆ ಸುತ್ತ ಕಟ್ಟೀರಲ್ಲ."

"ತಂಪಾಗಲಿ ಅಂತ ಕಟ್ಟಿದೆ ಮಾದೇವಕ್ಕ. ನೀರು ಆವಿಯಾಗುವಾಗ..."

ಅವಳು ಗೋಣಿಯನ್ನು ಎಳೆದು ಕೀಳುತ್ತಲೇ ಬಟ್ಟೆ ಒಣಗಿಸುವ ಹಗ್ಗದ ಕಡೆ ಕೈ ತೋರಿಸಿದಳು. "ಆ ಪಂಚೆ ಎಷ್ಟು ಹೊತ್ತಿಗೆ ಹಾಕಿದ್ರಿ?"

"ಬೆಳಗ್ಗೆ ಎಂಟಕ್ಕೆ."

"ಈಗ ಮೂರು ಗಂಟೆ. ಒಣಗದ್ಯ ನೋಡಿ."

ಮುಟ್ಟಿ ನೋಡಿದೆ. ಒಣಗಿರಲಿಲ್ಲ.

"ಪಂಚೆನೇ ಒಣಗೂದಿಲ್ಲ ಈ ಗಾಳಿಗೆ, ನಿಮ್ಮ ಗೋಣಿ ನೀರು ಎಲ್ಲಿಗೆ ಹೋಗ್ತದೆ? ಒಳಗೇ ಹೋಗ್ತದೆ. ಬರೋ ಒಂದಿಷ್ಟು ಗಾಳಿನೂ ತಡ್ದೀರಿ" ಎಂದಳು. ಮೂವತ್ತು ವರ್ಷ ನಾನು ಕಲಿಸಿದ ಪಾಠಕ್ಕೆ ಒಂದು ಅಡಿಟಿಪ್ಪಣಿ ಬಿಟ್ಟುಹೋಗಿತ್ತು. ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುವಾಗ ಅದು ಗೋಣಿಯ ನೀರನ್ನು ಎಲ್ಲಿ ಕುಡಿಯುತ್ತದೆ? ಪಠ್ಯಪುಸ್ತಕದಲ್ಲಿ ಈ ಸಾಲೂ ಇತ್ತು. ನಾನೇ ಓದಿಸಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮಾದೇವಕ್ಕ ಸೊಪ್ಪಿನ ಹಾಸಿನೊಳಗೆ ಕೈ ತೂರಿಸಿ ತಟ್ಟನೆ ಹೊರಗೆಳೆದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು ನನ್ನ ಕೈಯನ್ನೂ ಅದರೊಳಗೆ ಹುಗಿದಳು. ಮೇಲಿನ ಎಲೆ ತಣ್ಣಗಿತ್ತು. ನಾಲ್ಕು ಬೆರಳು ಕೆಳಗೆ ಹೋದರೆ ಬಿಸಿ. ಒಲೆಯ ಮೇಲಿಂದ ಇಳಿಸಿದ ಗಂಜಿಯ ಪಾತ್ರೆಯಷ್ಟು ಬಿಸಿ. ಜೊತೆಗೆ ಮೂಗಿಗೆ ಅಡರುವ ಘಾಟು.

"ಗೊಬ್ಬರ ಗುಂಡಿ ಮೇಲೆ ಕೋಳಿ ಕೂರ್ಸೀರಿ" ಎಂದಳು. "ದನ ಆದ್ರೆ ತಡ್ಕಂತದೆ, ಹಗಲಿಗೆ ಮೇಯಕ್ಕೆ ಹೋಗ್ತದೆ. ಇದು ಇಷ್ಟೇ ಇಷ್ಟು ಜೀವ."

ನಾನು ಚಿಕ್ಕವನಿದ್ದಾಗ, ಚಳಿಗಾಲದ ಬೆಳಗಿನಲ್ಲಿ, ನಾನೂ ನನ್ನ ಅಣ್ಣನೂ ಶಾಲೆಗೆ ಹೊರಡುವ ಮುಂಚೆ ಕೊಟ್ಟಿಗೆಯ ಹಿಂದಿನ ಗೊಬ್ಬರದ ರಾಶಿ ಹತ್ತಿ ನಿಲ್ಲುತ್ತಿದ್ದೆವು. ಸೊಪ್ಪೂ ಸಗಣಿಯೂ ಕೂಡಿ ಕಳಿಯುವಾಗ ಅದರಿಂದ ಹಬೆ ಏಳುತ್ತಿತ್ತು. ಬರಿಗಾಲಿಗೆ ಎಂಥ ಸುಖ! ಯಾರ ಕಾಲು ಹೆಚ್ಚು ಹೊತ್ತು ತಡೆಯುತ್ತದೆಂದು ಪಂದ್ಯ ಕಟ್ಟುತ್ತಿದ್ದೆವು. ಅಣ್ಣ ಯಾವಾಗಲೂ ಗೆಲ್ಲುತ್ತಿದ್ದ, ಅವನ ಹಿಮ್ಮಡಿ ದಪ್ಪ. ಕಾಲಿಗೆ ಗೊತ್ತಿದ್ದದ್ದು ತಲೆಗೆ ಬರಲು ಐವತ್ತೈದು ವರ್ಷವೂ ಒಂದು ಬೆಳ್ಳಿಯೂ ಬೇಕಾದವು.

ಮುಂದಿನ ಅರ್ಧ ಗಂಟೆ ಮಾದೇವಕ್ಕ ಹೇಳಿದ್ದನ್ನು ಮರುಮಾತಿಲ್ಲದೆ ಮಾಡಿದೆ. ಕಪ್ಪಿಯನ್ನೂ ಇನ್ಸ್‌ಪೆಕ್ಟರನನ್ನೂ ಹಲಸಿನ ನೆರಳಿಗೆ ಒಯ್ದು ಕಾಲು ಮಾತ್ರ ನೀರಿನಲ್ಲಿ ಮುಳುಗುವಂತೆ ಬೋಗುಣಿಯಲ್ಲಿ ನಿಲ್ಲಿಸಿದೆವು. "ತಲೆ ಮೇಲೆ ಹೊಯ್ಬೇಡಿ, ಗರಿ ನೆನೆದ್ರೆ ಇನ್ನೂ ಸೆಕೆ" ಎಂದಳು. ಇನ್ಸ್‌ಪೆಕ್ಟರ್ ಪೈಜಾಮ ಒದ್ದೆಮಾಡಿಕೊಂಡು, ಮರ್ಯಾದೆ ಹೋದರೂ ಜೀವ ಉಳಿಯಲಿ ಎಂಬಂತೆ ನಿಂತ. ಗುಂಜಿಯನ್ನು ಮೊಟ್ಟೆಗಳ ಸಮೇತ ಒಂದು ಅಗಲ ಬುಟ್ಟಿಗೆ, ಒಣ ಹೊಟ್ಟಿನ ತೆಳು ಹಾಸಿಗೆ ವರ್ಗಾಯಿಸಿದೆವು. ಹೊಟ್ಟು ಮಾದೇವಕ್ಕನ ಮನೆಯದು. ಬುಟ್ಟಿಯನ್ನು ಹಿತ್ತಿಲ ಚಾವಡಿಯಲ್ಲಿ, ಗಾಳಿಯಾಡುವ ಕಡೆ ಇಟ್ಟೆವು. ನನ್ನ ಷರತ್ತಿನ ಪ್ರಕಾರ ಅದು ಮನೆಯೊಳಗೇ ಲೆಕ್ಕ. ಗುಂಜಿ ಎದ್ದುಹೋದರೆ ಮೊಟ್ಟೆಗಳ ಕಥೆ ಮುಗಿಯಿತು ಎಂದಳು ಮಾದೇವಕ್ಕ. ನಾವಿಬ್ಬರೂ ಉಸಿರು ಬಿಗಿಹಿಡಿದು ದೂರ ಕೂತೆವು. ಗುಂಜಿ ಎದ್ದಿತು, ಅರ್ಧ ಸುತ್ತು ತಿರುಗಿತು, ಕೊಕ್ಕಿನಿಂದ ಒಂದು ಮೊಟ್ಟೆಯನ್ನು ಹೊಟ್ಟೆಯಡಿಗೆ ನೂಕಿಕೊಂಡು ಕೂತಿತು.

"ಹೂಂ, ಇದು ಘಟ್ಟಿ" ಎಂದು ಮಾದೇವಕ್ಕ ಎದ್ದಳು. ಬೆಳ್ಳಿಯನ್ನು ನಾನೇ ತೆಂಗಿನ ಬುಡದಲ್ಲಿ ಹುಗಿದೆ.

ಅವತ್ತಿನಿಂದ ನನ್ನ ದಿನಚರಿ ಬದಲಾಯಿತು. ಗೂಡನ್ನು ಮೊಣಕಾಲೆತ್ತರದ ಕಲ್ಲುಗಳ ಮೇಲೆ ಏರಿಸಿ, ನಾಲ್ಕನೆಯ ಬದಿಯ ಹಲಗೆಯನ್ನೂ ಕಿತ್ತು ಬಲೆ ಹೊಡೆಸಿದೆ. ಹಂಚಿನ ಮೇಲೆ ತೆಂಗಿನ ಗರಿ ಹೊದಿಸಿದೆ. ನೀರನ್ನು ಮಣ್ಣಿನ ಕುಡಿಕೆಗಳಲ್ಲಿ ಮೂರು ಕಡೆ ನೆರಳಿನಲ್ಲಿಟ್ಟೆ; ಒಂದೇ ಕಡೆ ಇಟ್ಟರೆ ಇನ್ಸ್‌ಪೆಕ್ಟರ್ ಅದರ ಮುಂದೆಯೇ ಠಿಕಾಣಿ ಹೂಡಿ ಉಳಿದವರನ್ನು ಬಿಡುತ್ತಿರಲಿಲ್ಲ. ಹಲಸಿನ ಬುಡದಲ್ಲಿ ಒಂದು ಬುಟ್ಟಿ ಮರಳು ಸುರಿದು ಅಡಿಯಿಂದ ಒದ್ದೆಯಾಗುವಂತೆ ನೀರು ಬಿಟ್ಟೆ. ನಡುಹಗಲಿಗೆ ಅವು ಅದರಲ್ಲಿ ಹೊಟ್ಟೆಯಿಟ್ಟು ಮಲಗುತ್ತಿದ್ದವು. ಹೊಟ್ಟು ತರಲು ನಾನೇ ಗಿರಣಿಗೆ ಹೋದೆ. ಗಿರಣಿಯವ ನನ್ನ ಹಳೆಯ ಪರಿಚಯದವ.

"ಹೊಟ್ಟು ಎಂತಕ್ಕೆ ಮಾಸ್ತರ್ರೆ?"

"ಕೋಳಿಗೆ."

ಅವನು ಗಿರಣಿ ನಿಲ್ಲಿಸಿ, ಮತ್ತೊಮ್ಮೆ ಕೇಳಿ, ಖಾತ್ರಿ ಮಾಡಿಕೊಂಡು, ಒಳಗಿನಿಂದ ಹೆಂಡತಿಯನ್ನೂ ಕರೆದು ನನ್ನನ್ನು ತೋರಿಸಿದ. ಹೆಗಡೆಕಟ್ಟಾದಲ್ಲಿರುವ ನನ್ನ ಭಾವನಿಗೆ ಈ ಸುದ್ದಿ ನಾನು ಚೀಲ ಹೊತ್ತು ಮನೆ ಮುಟ್ಟುವ ಮೊದಲೇ ಮುಟ್ಟಿತ್ತು.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಮಾಡಲಾಗಲಿಲ್ಲ. ಬೆಳ್ಳಿಯ ವಿಷಯ ಸರೋಜಳಿ‍ಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಅವಳು ಅಲ್ಲಿ ಗೋಡೆ ಹಿಡಿದು ಹತ್ತು ಹೆಜ್ಜೆ ಇಟ್ಟ ಸಂಭ್ರಮದಲ್ಲಿದ್ದಳು. ಇವತ್ತು ಬೇಡ, ನಾಳೆ ಎಂದು ಮುಂದೂಡಿದೆ. ಮಾದೇವಕ್ಕ ನನ್ನ ಪೇಚಾಟ ನೋಡಿ ಒಂದು ಉಪಾಯ ಸೂಚಿಸಿದಳು.

"ನಮ್ಮನೇಲಿ ಒಂದು ಬಿಳೀ ಹೇಂಟೆ ಆಗದೆ, ನಿಮ್ಮ ಇನ್ಸ್‌ಪೆಕ್ಟರನ ಸಂತಾನನೇ. ಬೇಕಾರೆ ತಂದು ಬಿಡ್ತೆ. ಎಣಿಕೆ ಸಮ ಆಗ್ತದೆ."

"ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂದವನು ನಾನು ಮಾದೇವಕ್ಕ. ಅದೊಂದು ನನ್ನಿಂದ ಆಗೂದಿಲ್ಲ."

"ಹೌದೌದು. ನಿಮ್ಮಿಂದ ಆಗೂದಿಲ್ಲ ಬಿಡಿ" ಎಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಇದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ತಿಳಿಯಲಿಲ್ಲ. ನನ್ನ ಪ್ರಾಮಾಣಿಕತೆಗೆ ನಾನೇ ಮೆಚ್ಚಿಕೊಂಡು ಒಳಗೆ ಬಂದೆ.

ಇಪ್ಪತ್ತೊಂದನೇ ದಿನ ಗುಂಜಿಯ ಹೊಟ್ಟೆಯಡಿಯಿಂದ ನಾಲ್ಕು ಮರಿ ಹೊರಬಂದವು. ಮೂರು ಮೊಟ್ಟೆ ಹುಸಿಯಾದವು. ಮರುದಿನ ಸರೋಜ ಬಂದಳು. ತಂಗಿಯ ಮಗ ಕಾರಿನಲ್ಲಿ ಬಿಟ್ಟು, ಚಹಾ ಕುಡಿದು ಹೊರಟ. ಅವಳು ವಾಕರ್ ಹಿಡಿದು, ಬೇರೆ ಯಾರ ಕೈಯನ್ನೂ ಹಿಡಿಯದೆ, ನಡೆದು ಬಂದು ಹಿತ್ತಿಲ ಬಾಗಿಲ ಕುರ್ಚಿಯಲ್ಲಿ ಕೂತಳು. ನಾನು ನಾಲ್ಕೂ ಮರಿಗಳನ್ನು ಅವಳ ಮಡಿಲಿಗೆ ಹಾಕಿದೆ. ನನ್ನ ಕೈಯಲ್ಲಿ ಕೋಳಿಮರಿ ಕಂಡು ಅವಳಿಗೆ ಆದ ಆಶ್ಚರ್ಯ ಮರಿಗಳನ್ನು ಕಂಡದ್ದಕ್ಕಿಂತ ದೊಡ್ಡದಿತ್ತು.

"ಸರೋಜಾ, ಒಂದು ಮಾತು ಹೇಳಕ್ಕು" ಎಂದೆ. "ಬೆಳ್ಳಿ ಇಲ್ಲೆ. ಸತ್ತೋತು. ತಪ್ಪು ಎನ್ನದೇಯ."

"ಬಾಗ್ಲಿಗೆ ಬಂದು ಎಣಿಸಿದಾಗ್ಲೇ ಗೊತ್ತಾತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಗೋಣಿಯಿಂದ ಹಿಡಿದು ಸೊಪ್ಪಿನವರೆಗೆ ಎಲ್ಲ ಹೇಳಿದೆ. ಅವಳು ಒಂದು ಮರಿಯ ತಲೆಯನ್ನು ಬೆರಳಿನಿಂದ ಸವರುತ್ತ ಕೇಳಿದಳು. "ಮುಚ್ಚಡಿ ಹೇಳಿ ಹೇಳಿದ್ನಲಾ" ಎಂದಳು ಕೊನೆಗೆ.

"ಎಂತಕ್ಕೆ ಹೇಳಿ ನೀನು ಹೇಳಿದ್ದಿಲ್ಲೆ."

ಅವಳು ಜಾರುತ್ತಿದ್ದ ಮರಿಯೊಂದನ್ನು ಮಡಿಲ ನಡುವಿಗೆ ಎಳೆದುಕೊಂಡಳು. "ಹೇಳಕಾಗಿತ್ತು" ಎಂದಳು. "ಅದರ ಹಿಂದಿನ ಬೇಸಿಗೆಲಿ ಯಲ್ಲಾಪುರಕ್ಕೆ ಮದುವೆಗೆ ಹೋಗಿದ್ಯ ಅಲ್ದಾ, ನೆನಪಿದ್ದಾ? ಆ ದಿನ ಮೋಡ ಕಟ್ಟಿತ್ತು. ಮಳೆ ಹೊಡೆದ್ರೆ ಕೋಳಿ ನೆನೀತು ಹೇಳಿ ಆನು ಕಾಲು ಎಳ್ಕಂಡೇ ಹೋಗಿ ಗೂಡಿಗೆ ಪ್ಲಾಸ್ಟಿಕ್ ಮುಚ್ಚಿ, ನಾಲ್ಕೂ ಬದಿ ಕಲ್ಲು ಹೇರಿ ಬಂದಿದ್ದಿ. ಮಳೆ ಬಂಜೇ ಇಲ್ಲೆ. ತಿರುಗಿ ಬಪ್ಪಷ್ಟೊತ್ತಿಗೆ ಬೆಳ್ಳಿ, ಕಪ್ಪಿ ಎರಡೂ ಸತ್ತು ಬಿದ್ದಿತ್ತು. ನಿಂಗ ಬಟ್ಟೆ ಬದಲ್ಸಲೆ ಒಳಗೆ ಹೋಗಿದ್ರಿ. ಆನೂ ಮಾದೇವಿಯೂ ಸೇರಿ ತೆಂಗಿನ ಬುಡದಲ್ಲಿ ಹುಗಿದ್ಯ. ಎರಡು ದಿನ ಬಿಟ್ಟು ಮಾದೇವಿ ಶಿರಸಿಗೆ ಹೋಗಿ ಬೇರೆ ಎರಡು ತಂತು."

ನಾನು ಅವಳ ಮುಖವನ್ನೇ ನೋಡಿದೆ. "ಹಂಗಾದ್ರೆ ಈಗ ಸತ್ತಿದ್ದು..."

"ಎರಡನೇ ಬೆಳ್ಳಿ. ಮೊದ್ಲಿನದಕ್ಕೆ ಕುತ್ತಿಗೆಲಿ ಬೂದಿ ಬಣ್ಣದ ಪಟ್ಟೆ ಇತ್ತು. ನಿಂಗ ಒಂದು ವರ್ಷ ದಿನಾ ಇಲ್ಲೇ ನಿಂತು ನೋಡಿದ್ರಿ. ಗೊತ್ತಾಜಿಲ್ಲೆ." ಇಷ್ಟು ಹೇಳಿ ಅವಳಿಗೆ ನಗು ತಡೆಯಲಿಲ್ಲ. ನಕ್ಕಾಗ ಮೊಣಕಾಲು ನೊಂದು ಮುಖ ಕಿವುಚಿದಳು, ಆದರೂ ನಕ್ಕಳು. ನಾನೂ ನಕ್ಕೆ. ಮಾದೇವಕ್ಕ ಸೆರಗು ಬಾಯಿಗೊತ್ತಿಕೊಂಡದ್ದು ಆಗ ಅರ್ಥವಾಯಿತು.

"ಎಂಗೆ ಹೇಳಲೆ ಎಂತಾಗಿತ್ತು?" ಎಂದೆ.

"ಹೇಳಿದ್ರೆ ನಿಂಗ ಪಾಠ ಶುರು ಮಾಡ್ತಿದ್ರಿ" ಎಂದಳು. "ಎಂಗೆ ಆವತ್ತು ಪಾಠ ಬೇಕಾಗಿತ್ತಿಲ್ಲೆ."

ಸಿಟ್ಟಿನಿಂದ ಹೇಳಿದ್ದಲ್ಲ; ಮಳೆ ಬರಲಿಲ್ಲ ಎಂದಷ್ಟೇ ಸಹಜವಾಗಿ ಹೇಳಿದಳು. ಆ ದಿನ ಅವಳು ನನಗೆ ಹೇಳುವ ಹಾಗಿದ್ದಿದ್ದರೆ ಗೂಡು ಮುಚ್ಚಿದರೆ ಏನಾಗುತ್ತದೆಂದು ನನಗೂ ಗೊತ್ತಿರುತ್ತಿತ್ತು. ಈ ಬೆಳ್ಳಿ ಬದುಕಿರುತ್ತಿತ್ತು. ಮದುವೆಯಾಗಿ ಮೂವತ್ತೆಂಟು ವರ್ಷ. ಇನ್ನೂ ಏನೇನು ತೆಂಗಿನ ಬುಡದಲ್ಲಿ ಹುಗಿದಿದ್ದಾಳೋ ಎಂದು ಯೋಚನೆಯಾಯಿತು.

ಪ್ಲಾಸ್ಟಿಕ್ಕು, ಸುತ್ತಲ ಹಬೆ, ಒಳಗಿನ ಶಾಖ ಹೊರಹೋಗದ ಕಾರಣ, ಎಲ್ಲವೂ ಸಾಲಾಗಿ ನನ್ನ ನಾಲಗೆಯ ತುದಿಗೆ ಬಂದು ನಿಂತಿದ್ದವು. ನುಂಗಿಕೊಂಡೆ. ಅಡುಗೆಮನೆಯಿಂದ ಮಣೆ ತಂದು ಅವಳ ಕುರ್ಚಿಯ ಪಕ್ಕ ಹಾಕಿಕೊಂಡು ಕೂತೆ.

"ಆ ದಿನ ಮದುವೆಮನೆಯಿಂದ ಬಂದು ಗೂಡು ತೆಗೆದು ನೋಡಿದ್ಯಲೇ, ಆಗ ನಿಂಗೆ ಎಂತಾತು, ಹೇಳು" ಎಂದೆ.

ಅವಳು ನಂಬಿಕೆಯಿಲ್ಲದವಳಂತೆ ನನ್ನನ್ನು ನೋಡಿದಳು. ಆಮೇಲೆ ಮೆಲ್ಲನೆ ಶುರುಮಾಡಿದಳು. ನಡುವೆ ಎರಡು ಸಲ ನನಗೆ ಬಾಯಿ ಹಾಕಬೇಕೆನಿಸಿತು, ಹಾಕಲಿಲ್ಲ.